ಗಣಕಯಂತ್ರದ ಮುಂದಣ ಕೆಲಸವೂ ಕಾಯರಕ್ಷಣೆಯೂ



ಮಠಗಳಲ್ಲಿರುವ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಗ್ರಂಥವನ್ನು ಪ್ರತಿಮಾಡಿದ ಲಿಪಿಕಾರನು ಕಟ್ಟಕಡೆಯ ಗರಿಯಲ್ಲಿ ಸಂವತ್ಸರ ಮಾಸ ತಿಥಿಗಳನ್ನು ಬರೆದು ಮುಗಿಸಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲದೆ, ತನ್ನ ಮೈನೋವನ್ನೂ ಓದುಗರ ಮುಂದೆ ತೋಡಿಕೊಳ್ಳುವನು. ಬೆನ್ನಿನ ದೂರು, ಕೊರಳಿನ ದೂರು, ಕಣ್ಣಿನ ದೂರು, ತಗ್ಗಿಸಿದ ತಲೆಯನ್ನು ಮೇಲೆತ್ತಲಾರದ ದೂರು, ಇವೆಲ್ಲವೂ ಭರತಖಂಡದ ಹಲವು ಪ್ರಾಂತಗಳ ಹಸ್ತಪ್ರತಿಗಳ ಕೊನೆಯಲ್ಲಿ ಕಾಣಬರುತ್ತವೆ. ಇಂಥಾ ದೂರೊಂದನ್ನು ಈ ಹೊತ್ತು ಬೆಂಗಳೂರಿನ ಯಾವನಾದರೊಬ್ಬ ಡಾಕ್ಟರನ ಮುಂದೆ ಓದಿದರೆ, ಆತನು ಅದನ್ನು ಕಂಪ್ಯೂಟರಿನ ಕೆಲಸದವನೊಬ್ಬನ ರೋಗವಿವರವೆಂದೇ ತಿಳಿಯುವನಲ್ಲದೆ ಶತಮಾನಗಳ ಹಿಂದಿನ ಲಿಪಿಕಾರನದೆಂದು ಊಹಿಸಲಾರನು. ಆದಕಾರಣ ಈ ದಿವಸದ ವಿಷಯವು ಹೊಸ ಯಂತ್ರಕ್ಕೆ ಸಂಬಂಧಪಟ್ಟದ್ದಾದರೂ ಹೊಸ ರೋಗಕ್ಕೆ ಸಂಬಂಧಪಟ್ಟದ್ದಲ್ಲವೆಂಬುದನ್ನು ಮೊದಲೇ ಮನಸ್ಸಿನಲ್ಲಿಡಬೇಕು.

ಇಟಲಿ ದೇಶದ ಮೋಡೆನಾ ನಗರದಲ್ಲಿ ವೈದ್ಯವೃತ್ತಿಯಲ್ಲಿದ್ದು ತರುವಾಯ ಪಾದುವಾ ವಿದ್ಯಾಪೀಠದಲ್ಲಿ ಆಚಾರ್ಯನಾದ ಬರ್ನಾರ್ಡಿನೋ ರಾಮಾಜ್ಜೀನಿಯೆಂಬ ಪಂಡಿತನು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಯ ಬಳಿಗೆ ಹೋದ ವೈದ್ಯನು ಇತರ ಪ್ರಶ್ನೆಗಳೊಡನೆ, ನಿನ್ನ ಕಸುಬು ಯಾವುದೆಂಬ ಪ್ರಶ್ನೆಯನ್ನೂ ತಪ್ಪದೆ ಕೇಳಬೇಕೆಂದು ವಿಧಿಸಿದವನು ಈತನೇ. 1713ರಲ್ಲಿ ಆ ಗ್ರಂಥವನ್ನು ಹಿಗ್ಗಿಸಿ ಮರಳಿ ಅಚ್ಚುಹಾಕಿಸಿದಾಗ ಬರೆಯುವ ಗುಮಾಸ್ತರ ರೋಗಗಳನ್ನೂ ವಿಚಾರಕ್ಕೆ ತೆಗೆದುಕೊಂಡು, ಅವಕ್ಕೆ ಮೂರು ಕಾರಣಗಳನ್ನು ಹೇಳಿದನು: ಏಳದೆ ಕುಳಿತಿರುವುದು ಒಂದು, ಕೈಯನ್ನು ಒಂದೇ ಬಗೆಯಲ್ಲಿ ಬಿಡದೆ ಆಡಿಸುವುದು ಎರಡು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ ಮೂರು. ಆಯುಷ್ಯವೆಲ್ಲಾ ಬರೆದೇ ಬದುಕಿದ ಒಬ್ಬ ಬರವಣಿಗೆಯವನ ಬಲಗೈ ಸೋತು ಸ್ವಾಧೀನ ತಪ್ಪಿತೆಂದೂ, ಅವನು ಹಟತೊಟ್ಟು ಎಡಗೈಯಿಂದ ಬರೆಯಲು ಕಲಿತನೆಂದೂ, ಕೆಲಕಾಲದಲ್ಲಿ ಆ ಕೈಗೂ ಅದೇ ಗತಿಯಾಯಿತೆಂದೂ ಅಲ್ಲಿ ಹೇಳಿದೆ. ಮೌಸು ಹಿಡಿದು ಬಲಗೈ ನೋವಾದೊಡನೆ ಅದನ್ನು ಎಡಗೈಗೆ ಬದಲಾಯಿಸಿ ಸಮಾಧಾನಪಡುವವರು ಈ ಕಥೆಯನ್ನು ಮರೆಯದಿದ್ದರೆ ಒಳಿತು. ಮುನ್ನೂರು ವರ್ಷಗಳ ಶೋಧನೆಯು ಆ ಮೂರು ಕಾರಣಗಳಿಗೆ ನಾಲ್ಕನೆಯದಾಗಿ ಕಣ್ಣನ್ನು ಸೇರಿಸಿದೆಯೇ ಹೊರತು, ಅವುಗಳಲ್ಲಿ ಒಂದನ್ನೂ ತೆಗೆದುಹಾಕಿಲ್ಲ.

ಹಾಗಾದರೆ ಈ ಯಂತ್ರದಲ್ಲಿ ವಿಶೇಷವೇನು? ವಿಶೇಷವುಂಟು. ಓಲೆಯಲ್ಲಿ ಕೊರೆಯುವವನು ಕಂಟವನ್ನು ಮಸೆಯಲು ಏಳಬೇಕಾಗಿತ್ತು. ಗರಿಗೆ ಕಾಡಿಗೆ ಬಳಿದು ಒರಸಬೇಕಾಗಿತ್ತು. ಸಂಜೆಯಾದರೆ ಬೆಳಕೇ ಇರುತ್ತಿರಲಿಲ್ಲ. ಟೈಪ್‌ರೈಟರಿನವನು ಸಾಲು ಮುಗಿದಾಗಲೆಲ್ಲ ಕೈಚಾಚಿ ಗಾಡಿಯನ್ನು ಸರಿಸಬೇಕಾಗಿತ್ತು, ಹಾಳೆ ಮುಗಿದಾಗ ಹೊಸ ಹಾಳೆಯನ್ನು ತೊಡಿಸಬೇಕಾಗಿತ್ತು, ಕಡತವನ್ನು ಹುಡುಕಿಕೊಂಡು ಪಕ್ಕದ ಕೋಣೆಗೆ ಹೋಗಬೇಕಾಗಿತ್ತು. ಹೀಗೆ ಕೆಲಸವು ತನ್ನೊಳಗೇ ವಿಶ್ರಾಂತಿಯನ್ನು ಇಟ್ಟುಕೊಂಡಿತ್ತು. ಕಂಪ್ಯೂಟರಾದರೋ ಈ ಸಣ್ಣ ಸಣ್ಣ ಬಿಡುವುಗಳೆಲ್ಲವನ್ನೂ ಉಪಕಾರದ ಹೆಸರಿನಲ್ಲಿ ಕಿತ್ತುಕೊಂಡಿತು. ಕಡತವೂ ಅಲ್ಲಿಯೇ, ಪತ್ರವೂ ಅಲ್ಲಿಯೇ, ಸಭೆಯೂ ಅಲ್ಲಿಯೇ, ಬೇಸರ ಕಳೆಯುವ ವಿನೋದವೂ ಅಲ್ಲಿಯೇ. ತಂತಿ ಕಳುಹಿಸುವ ಗುಮಾಸ್ತರಿಗೆ ಒಂದೇ ಗುಂಡಿಯನ್ನು ಬಡಿದು ಬಡಿದು ಕೈ ಸೆಟೆದುಕೊಳ್ಳುತ್ತಿದ್ದುದನ್ನು ಇಂಗ್ಲೆಂಡಿನಲ್ಲಿ 1908ರಲ್ಲಿಯೇ ಪರಿಹಾರಕ್ಕೆ ಯೋಗ್ಯವಾದ ಕಸುಬಿನ ರೋಗವೆಂದು ಒಪ್ಪಿದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಆಫೀಸುಗಳಿಗೆ ಹೊಸ ಕೀಬೋರ್ಡುಗಳು ಬಂದಾಗ ಸಾವಿರಾರು ಗುಮಾಸ್ತರು ಕೈನೋವೆಂದು ಮೊರೆಯಿಟ್ಟರು. ಅದು ಮೈಯ ರೋಗವೋ ಮನಸ್ಸಿನ ರೋಗವೋ ಎಂದು ಅಲ್ಲಿಯ ವೈದ್ಯರು ವರ್ಷಗಟ್ಟಲೆ ಜಗಳವಾಡಿದರು. ನೋವುಂಡವನಿಗೆ ಆ ಜಗಳದಿಂದ ಬಂದ ಲಾಭ ಅಷ್ಟರಲ್ಲೇ ಇತ್ತು.

ಕನ್ನಡನಾಡಿಗೂ ಈ ವಿಷಯಕ್ಕೂ ಇರುವ ನಂಟು ಸರ್ವವಿದಿತವಾದದ್ದು. 1985ರಲ್ಲಿ ಅಮೆರಿಕೆಯ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಬೆಂಗಳೂರಿನಲ್ಲಿ ನೆಲೆಯೂರಿದಂದಿನಿಂದ ಈಚೆಗೆ, ಹೊಲಮನೆ ನಂಬಿದ್ದ ಕುಟುಂಬಗಳ ಮಕ್ಕಳು ಲಕ್ಷಗಟ್ಟಲೆಯಾಗಿ ಈ ಕಸುಬನ್ನು ಹಿಡಿದಿದ್ದಾರೆ. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಹೋದವರೂ ಅವರಲ್ಲಿ ಅನೇಕರುಂಟು. 2020ರ ಮಾರ್ಚಿಯಲ್ಲಿ ಕೋವಿಡ್ ಮಾರಿಯ ನಿಮಿತ್ತ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ ಇವರು ಆಫೀಸನ್ನು ಬಗಲಲ್ಲಿಟ್ಟುಕೊಂಡು ತಂದೆತಾಯಿಗಳ ಮನೆಗೆ ಬಂದರು. ಹಾಸಿಗೆಯೇ ಮೇಜಾಯಿತು, ದಿಂಬೇ ಕುರ್ಚಿಯ ಬೆನ್ನಾಯಿತು. ಅದುವರೆಗೆ, ಮಗನು ಪಟ್ಟಣದಲ್ಲಿ ತಂಪು ಕೋಣೆಯಲ್ಲಿ ಕುಳಿತು ಗುಂಡಿ ಒತ್ತಿ ಸಂಬಳ ಎಣಿಸುತ್ತಾನೆಂದು ತಿಳಿದಿದ್ದ ಹಿರಿಯರು ಅವನ ದುಡಿಮೆಯನ್ನು ಕಣ್ಣಾರೆ ಕಂಡರು. ಹೊಲದಲ್ಲಿ ಬೆವರು ಸುರಿಸಿದವನಿಗೆ ರಾತ್ರಿ ನಿದ್ರೆ ತಾನಾಗಿ ಬರುವುದು; ಇವನು ಬೆವರದೆ ದಣಿಯುವನು, ದಣಿದೂ ನಿದ್ರಿಸಲಾರನು. ಕುಳಿತಿರುವುದೂ ಒಂದು ದುಡಿಮೆಯೇ ಎಂದು ಈಗಲೂ ಮೂಗುಮುರಿಯುವವರುಂಟು. ಆ ಅನಾದರದಿಂದಲೇ ಎಷ್ಟೋ ಹುಡುಗರು ನೋವನ್ನು ಮನೆಯಲ್ಲಿ ಹೇಳದೆ ನುಂಗಿ, ಮೂವತ್ತರ ಪ್ರಾಯಕ್ಕೇ ಕೊರಳಿಗೆ ಪಟ್ಟಿ ಕಟ್ಟಿಕೊಳ್ಳುವ ಸ್ಥಿತಿಗೆ ಬರುತ್ತಾರೆ.

ಮೊದಲು ಕಣ್ಣನ್ನು ನೋಡೋಣ. ರೆಪ್ಪೆಯು ಒಂದೊಂದು ಸಲ ಮುಚ್ಚಿ ತೆರೆದಾಗಲೂ ಕಣ್ಣೀರಿನ ತೆಳುವಾದ ಪೊರೆಯೊಂದನ್ನು ಗುಡ್ಡೆಯ ಮೇಲೆ ಬಳಿಯುತ್ತದೆ. ಜಪಾನಿನ ಶೋಧಕರು ಆಫೀಸಿನ ಕೆಲಸಗಾರರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಎಣಿಕೆಯಂತೆ, ಸುಮ್ಮನಿರುವಾಗ ಮನುಷ್ಯನು ನಿಮಿಷಕ್ಕೆ ಸರಾಸರಿ 22 ಸಲ ರೆಪ್ಪೆ ಬಡಿಯುವನು. ಪುಸ್ತಕ ಓದುವಾಗ 10 ಸಲ. ಕಂಪ್ಯೂಟರಿನ ಪರದೆಯನ್ನು ನೋಡುವಾಗ 7 ಸಲ ಮಾತ್ರ. ದೃಷ್ಟಿ ನೆಟ್ಟಷ್ಟೂ ರೆಪ್ಪೆ ಮರೆಯುವುದೆಂದು ತಾತ್ಪರ್ಯ. ಉರಿ, ನವೆ, ಮರಳು ಬಿದ್ದಂತಾಗುವಿಕೆ, ಕೆಲವರಿಗೆ ವಿಪರೀತ ನೀರು ಸುರಿಯುವಿಕೆ, ಇವೆಲ್ಲವೂ ಹೆಚ್ಚಾಗಿ ಈ ಒಣಗುವಿಕೆಯಿಂದಲೇ ಹುಟ್ಟುವುವು. ತಂಪು ಯಂತ್ರದ ಗಾಳಿಯು ನೇರವಾಗಿ ಮುಖಕ್ಕೆ ಬಡಿಯುತ್ತಿದ್ದರೆ ಮತ್ತೂ ಹೆಚ್ಚು. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಿಸಬೇಕೆಂದು ಹೇಳುವುದಕ್ಕೂ ಇದೇ ಕಾರಣ: ನೋಟವು ತಗ್ಗಿದಾಗ ಮೇಲಿನ ರೆಪ್ಪೆಯು ಗುಡ್ಡೆಯನ್ನು ಹೆಚ್ಚಾಗಿ ಮುಚ್ಚುವುದರಿಂದ ಕಣ್ಣೀರು ಬೇಗ ಆರದು.

ಎರಡನೆಯದು ಒಳಗಣ ಸ್ನಾಯುವಿನ ಆಯಾಸ. ಹತ್ತಿರದ್ದನ್ನು ನೋಡಬೇಕಾದರೆ ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿದು ಮಸೂರವನ್ನು ದಪ್ಪಗೊಳಿಸಬೇಕು. ದೂರಕ್ಕೆ ನೋಡಿದಾಗಲೇ ಅದಕ್ಕೆ ಬಿಡುವು. ದಿನವಿಡೀ ಮುಷ್ಟಿ ಬಿಗಿದೇ ಇದ್ದರೆ ಕೈಗೆ ಏನಾಗುವುದೋ ಈ ಸ್ನಾಯುವಿಗೂ ಅದೇ ಆಗುವುದು. ಆದ್ದರಿಂದ 20 ನಿಮಿಷಗಳಿಗೊಮ್ಮೆ, 20 ಅಡಿ ದೂರದ ಯಾವುದಾದರೊಂದು ವಸ್ತುವನ್ನು, 20 ಸೆಕೆಂಡುಗಳಷ್ಟಾದರೂ ನೋಡಬೇಕೆಂಬ ಸುಲಭವಾದ ನಿಯಮವನ್ನು ನೇತ್ರಜ್ಞರು ಹೇಳುವರು. ಕಿಟಕಿಯಾಚೆಗೆ ಒಂದು ಮರವಿದ್ದರೆ ಸಾಕು. ಪರದೆಯು ಸುಮಾರಾಗಿ ಒಂದು ತೋಳಿನಷ್ಟು ದೂರದಲ್ಲಿರಲಿ; ಕಿಟಕಿಯ ಬೆಳಕು ಎದುರಿನಿಂದಾಗಲಿ ಹಿಂದಿನಿಂದಾಗಲಿ ಬೀಳದೆ ಪಕ್ಕದಿಂದ ಬೀಳಲಿ. ಚಾಳೀಸು ಬಂದವರು ಮೇಲೆ ದೂರಕ್ಕೂ ಕೆಳಗೆ ಹತ್ತಿರಕ್ಕೂ ಇರುವ ಕನ್ನಡಕದಿಂದ ಪರದೆಯನ್ನು ಓದುವುದಕ್ಕಾಗಿ ಗದ್ದವನ್ನು ಮೇಲಕ್ಕೆತ್ತಿ ಕುಳಿತುಬಿಡುವರು. ಅವರ ಕುತ್ತಿಗೆನೋವಿಗೆ ಔಷಧವು ಕುತ್ತಿಗೆಯಲ್ಲಿಲ್ಲ, ಕನ್ನಡಕದಲ್ಲಿದೆ. ಪರದೆಯ ದೂರವನ್ನು ಅಳೆದುಕೊಂಡು ಹೋಗಿ ಅದಕ್ಕೆಂದೇ ಬೇರೊಂದು ಕನ್ನಡಕವನ್ನು ಮಾಡಿಸಿಕೊಳ್ಳುವುದು ಯುಕ್ತ. ಇನ್ನು ನೀಲಿ ಬೆಳಕನ್ನು ತಡೆಯುವ ಗಾಜೆಂದು ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವ ಕನ್ನಡಕಗಳ ವಿಷಯ. 2023ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದಾಗ, ಸಾಧಾರಣ ಗಾಜಿಗಿಂತ ಅದರಿಂದ ಕಣ್ಣಿನ ಆಯಾಸವು ಕಡಿಮೆಯಾದಂತೆ ಕಾಣಬರಲಿಲ್ಲ. ಆ ಹಣವನ್ನು ಉಳಿಸಬಹುದು.

ಕುತ್ತಿಗೆಯ ಮಾತು. ಮನುಷ್ಯನ ತಲೆಯು ಸುಮಾರು 5 ಕಿಲೋಗ್ರಾಮಿನಷ್ಟು ತೂಗುವುದು. ತುಂಬಿದ ಕೊಡವನ್ನು ನೆತ್ತಿಯ ಮೇಲೆ ನೇರವಾಗಿ ಹೊತ್ತ ಹೆಣ್ಣುಮಗಳು ಹರದಾರಿ ದೂರ ನಡೆಯಬಲ್ಲಳು. ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದುಕೊಂಡು ಹತ್ತು ಹೆಜ್ಜೆ ಹೋಗಲಾರಳು. ಲ್ಯಾಪ್‌ಟಾಪಿನ ಕಡೆಗೋ ಮೊಬೈಲಿನ ಕಡೆಗೋ ತಲೆಯನ್ನು ಮುಂದಕ್ಕೆ ಬಾಗಿಸಿದವನ ಕತ್ತಿನ ಸ್ನಾಯುಗಳು ಗಂಟೆಗಟ್ಟಲೆ ಚಾಚಿದ ಕೈಯ ಕೆಲಸವನ್ನು ಮಾಡುತ್ತಿರುತ್ತವೆ. ಲ್ಯಾಪ್‌ಟಾಪೆಂಬುದು ಪ್ರಯಾಣದಲ್ಲಿ ಅರೆಗಳಿಗೆ ಬಳಸುವುದಕ್ಕೆ ಅನುಕೂಲವಾದ ಯಂತ್ರ. ಅದರ ಪರದೆಯನ್ನು ಎತ್ತರಿಸಿದರೆ ಕೈ ಮೇಲಾಗುವುದು, ಕೈಗೆ ಸರಿಹೊಂದಿಸಿದರೆ ತಲೆ ತಗ್ಗುವುದು. ಇದಕ್ಕೆ ಪಾಠಶಾಲೆಗಳಲ್ಲಿ ಹಿಂದಿನಿಂದ ಬಂದ ವ್ಯಾಸಪೀಠದ ಉಪಾಯವೇ ಸಾಕು. ಗ್ರಂಥವನ್ನು ನೆಲದಲ್ಲಿಡದೆ ಪೀಠದ ಮೇಲೆ ಓರೆಯಾಗಿಟ್ಟು ಓದುವಂತೆ, ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿರಿಸಿ, ಬೇರೊಂದು ಕೀಬೋರ್ಡನ್ನೂ ಮೌಸನ್ನೂ ಮೇಜಿನ ಮೇಲೆ ಜೋಡಿಸಿಕೊಂಡರೆ ತೊಡಕು ಬಿಟ್ಟುಹೋಗುವುದು. ಮೊಣಕೈಗಳು ಪಕ್ಕೆಗೆ ಸಮೀಪವಾಗಿರಲಿ, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮಡಿಯದಿರಲಿ, ಅಂಗಾಲು ಪೂರ್ತಿಯಾಗಿ ನೆಲಕ್ಕೆ ತಾಗಲಿ, ತಾಗದಿದ್ದರೆ ಮಣೆಯೊಂದನ್ನು ಕಾಲಡಿಗೆ ಸರಿಸಿಕೊಳ್ಳಲಿ. ಬೆಲೆಬಾಳುವ ಕುರ್ಚಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸೊಂಟದ ಒಳಬಾಗಿಗೆ ಆಸರೆ ಕೊಡುವ ಮಡಿಸಿದ ಟವಲು ಎಷ್ಟೋ ಕಡೆ ಅದರ ಕೆಲಸವನ್ನು ಮಾಡುತ್ತದೆ.

ಆದರೆ ಇಲ್ಲಿ ಒಂದು ಭ್ರಾಂತಿಯನ್ನು ತೊಡೆದುಹಾಕಬೇಕು. ಸರಿಯಾದ ಆಸನವೊಂದಿದೆ, ಅದನ್ನು ಹಿಡಿದು ಎಂಟು ಗಂಟೆ ಅಲ್ಲಾಡದೆ ಕುಳಿತರೆ ರೋಗವಿಲ್ಲವೆಂದು ಹಲವರು ನಂಬಿರುವರು. ಯೋಗಾಭ್ಯಾಸಿಯ ಸ್ಥಿರಾಸನವೇ ಬೇರೆ, ಉದ್ಯೋಗಸ್ಥನ ಆಸನವೇ ಬೇರೆ. ಎಷ್ಟು ನೆಟ್ಟಗೆ ಕುಳಿತರೂ ಕದಲದೆ ಕುಳಿತವನ ಸ್ನಾಯುವಿಗೆ ರಕ್ತದ ಓಟ ಕಡಿಮೆಯಾಗುವುದು. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳಿಗಂತೂ ಪ್ರಾಯ ಬಂದ ಮೇಲೆ ನೇರವಾದ ರಕ್ತನಾಳವೇ ಇಲ್ಲ. ಅವುಗಳ ಪೋಷಣೆಯು ಸುತ್ತಲಿನಿಂದ ಒಸರಿ ಬರತಕ್ಕದ್ದು. ಭಂಗಿಯನ್ನು ಬದಲಾಯಿಸುತ್ತಿರುವುದೇ ಇಲ್ಲಿ ಉಪಾಯ. ನಿಂತೇ ಕೆಲಸಮಾಡುವ ಎತ್ತರದ ಮೇಜುಗಳು ಈಚೆಗೆ ಬಂದಿವೆ. ಕುಳಿತು ಬೇಸತ್ತವನು ಸ್ವಲ್ಪ ಹೊತ್ತು ನಿಲ್ಲುವುದಕ್ಕೆ ಅವು ಒಳ್ಳೆಯವು, ಆದರೆ ದಿನವೆಲ್ಲಾ ನಿಂತರೆ ಕಾಲಿನ ರಕ್ತನಾಳಗಳು ಉಬ್ಬಿಕೊಂಡಾವು.

ಕುಳಿತಿರುವುದರ ಅಪಾಯವು ಬೆನ್ನಿನಲ್ಲಿಯೇ ನಿಲ್ಲುವುದಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯನು ತನ್ನ ಸಂಗಡಿಗರೊಡನೆ ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ 1953ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ದಿನವೆಲ್ಲಾ ಕುಳಿತು ಬಸ್ಸು ನಡೆಸುವ ಡ್ರೈವರರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೇಟು ಕೊಡುವ ಕಂಡಕ್ಟರರಲ್ಲಿ ಹೃದ್ರೋಗವು ಕಡಿಮೆಯಾಗಿತ್ತು, ಬಂದರೂ ತಡವಾಗಿ ಬರುತ್ತಿತ್ತು. ಅಂಚೆಯ ಗುಮಾಸ್ತರಿಗೂ ಕಾಗದ ಹಂಚುವವರಿಗೂ ಅದೇ ಬಗೆಯ ಭೇದ. 2012ರಲ್ಲಿ ಆಸ್ಟ್ರೇಲಿಯಾದ ಶೋಧಕರು ಸ್ಥೂಲದೇಹಿಗಳನ್ನು ಕುಳ್ಳಿರಿಸಿ, 20 ನಿಮಿಷಗಳಿಗೊಮ್ಮೆ 2 ನಿಮಿಷ ಮೆಲ್ಲಗೆ ನಡೆಸಿ ನೋಡಿದಾಗ, ಏಳದೆ ಕುಳಿತ ದಿವಸಕ್ಕಿಂತ ಆಹಾರಾನಂತರದ ರಕ್ತದ ಸಕ್ಕರೆಯು ಗಣನೀಯವಾಗಿ ತಗ್ಗಿತು. ಆಯುರ್ವೇದವನ್ನು ಓದಿದವರಿಗೆ ಇದು ಕೌತುಕವೆನಿಸದು. ಕುಳಿತಿರುವ ಸುಖವನ್ನೂ ಮಲಗಿರುವ ಸುಖವನ್ನೂ ಪ್ರಮೇಹದ ಕಾರಣಗಳಲ್ಲಿ ಚರಕನು ಎಣಿಸಿರುವನು. ಉಂಡ ಆಯಾಸವು ಕಳೆದ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ಸುಶ್ರುತನು ವಿಧಿಸಿರುವನು. ಭಾರತೀಯರಿಗೆ ಮೈ ತೀರ ದಪ್ಪವಾಗದೆಯೇ ಮಧುಮೇಹವು ಬರುವ ಸ್ವಭಾವವಿರುವುದರಿಂದ, ತೆಳ್ಳಗಿದ್ದೇನೆಂಬ ಧೈರ್ಯವು ಕುಳಿತು ದುಡಿಯುವವನಿಗೆ ಸಲ್ಲದು.

ಅದೇ ಚರಕಸಂಹಿತೆಯಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳಿದೆ. ಮೂತ್ರ, ಹಸಿವು, ನೀರಡಿಕೆ, ನಿದ್ರೆ, ಆಕಳಿಕೆ ಇವೆಲ್ಲವೂ ಅದರಲ್ಲಿ ಸೇರಿವೆ. ಮೀಟಿಂಗು ನಡೆಯುತ್ತಿದೆಯೆಂದು ಎರಡು ಗಂಟೆ ಮೂತ್ರವನ್ನು ತಡೆದು, ಏಳಬೇಕಾದೀತೆಂದು ನೀರನ್ನೇ ಕುಡಿಯದೆ, ಆಕಳಿಕೆ ಬಂದರೆ ಕಾಫಿಯಿಂದ ಅದನ್ನು ಅಡಗಿಸುವ ಉದ್ಯೋಗಸ್ಥನು ಒಂದೇ ಮಧ್ಯಾಹ್ನದಲ್ಲಿ ಆ ಪಟ್ಟಿಯ ಅರ್ಧವನ್ನು ಮೀರಿರುತ್ತಾನೆ. ಪಾಠಶಾಲೆಗಳಲ್ಲಿ ಈ ಅಧ್ಯಾಯವನ್ನು ಕಂಠಪಾಠ ಮಾಡುವ ಮಕ್ಕಳು ನಗುವುದುಂಟು. ನಗತಕ್ಕ ವಿಷಯ ಅಲ್ಲಿಲ್ಲ. ದೊಡ್ಡ ಲೋಟದಲ್ಲಿ ನೀರು ಕುಡಿಯುತ್ತಿದ್ದರೆ ಮೂತ್ರವೇ ಗಂಟೆಗೊಮ್ಮೆ ಎಬ್ಬಿಸುವ ಘಂಟಾಮಣಿಯಾಗುವುದು.

ಇಷ್ಟೆಲ್ಲವನ್ನೂ ಪಾಲಿಸಿದ ಮೇಲೂ ಒಂದು ಪ್ರಶ್ನೆಯು ಉಳಿಯುತ್ತದೆ, ಅದೇ ಮುಖ್ಯವಾದದ್ದು: ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಗಣನೆಯಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಮೇಲೆ ದುಡಿಯುವವರಿಗೆ ಪಾರ್ಶ್ವವಾಯುವಿನ ಭಯವು ನೂರಕ್ಕೆ 35ರಷ್ಟೂ, ಹೃದ್ರೋಗದಿಂದ ಮರಣದ ಭಯವು ನೂರಕ್ಕೆ 17ರಷ್ಟೂ ಹೆಚ್ಚು. 2016ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 7 ಲಕ್ಷ 45 ಸಾವಿರ ಮಂದಿ ಈ ಅತಿದುಡಿಮೆಯಿಂದ ಸತ್ತರೆಂದು ಅವರು ಎಣಿಸಿದರು. ಹೀಗಿದ್ದರೂ 2023ರಲ್ಲಿ ಬೆಂಗಳೂರಿನ ಪ್ರಸಿದ್ಧ ಉದ್ಯಮಿಯೊಬ್ಬರು, ದೇಶದ ಏಳಿಗೆಗಾಗಿ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನುಡಿದರು. ಅದನ್ನು ಮೆಚ್ಚಿ, ಕಾಯಕವೆಂದರೆ ಇದೇ ಎಂದವರೂ ಉಂಟು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗಾಗಿ 1961ರಲ್ಲಿ ಮಾಡಿದ ಕಾಯಿದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಗಳೆಂದು ಮಿತಿಯನ್ನು ಹಾಕಿತೆಂಬುದನ್ನು ಅಂಥವರು ನೆನೆಯಲಿಲ್ಲ.

ಕಾಯಕವೆಂಬ ಮಾತಿನಲ್ಲಿಯೇ ಕಾಯವು ಅಡಗಿದೆ. ಕಾಯವನ್ನು ಕೆಡಿಸುವ ದುಡಿಮೆಗೆ ಆ ಹೆಸರು ಹೇಗೆ ಸಲ್ಲುವುದು? ಆಯ್ದಕ್ಕಿ ಮಾರಯ್ಯಗಳು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಲೆಗೆ ಹಾಕದೆ, ಮಿಗಿಲಾದುದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಕಳುಹಿಸಿದ ಕಥೆಯನ್ನು ಇಲ್ಲಿ ನೆರೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ತಾಯಿಯ ಲೆಕ್ಕದಲ್ಲಿ 70 ಗಂಟೆಗಳಿಗೆ ಯಾವ ಬೆಲೆ ಬರುತ್ತಿತ್ತೆಂಬುದನ್ನು ಕಾಯಕದ ಹೆಸರೆತ್ತುವವರು ಯೋಚಿಸಲಿ.

ಅಮೆರಿಕೆಯ ಹಗಲಿಗೆ ಸರಿಯಾಗಿ ಇಲ್ಲಿ ರಾತ್ರಿಯೆಲ್ಲ ಎಚ್ಚರವಿರುವವರ ಪಾಡು ಇನ್ನೂ ಕಠಿಣ. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ದೇಹದ ಆಧಾರಸ್ತಂಭಗಳೆಂದು ಪ್ರಾಚೀನರು ಕರೆದರು. ಇವರ ಒಂದು ಕಂಬವು ಪ್ರತಿದಿನವೂ ಅಲುಗಾಡುತ್ತಿದೆ. ಇಂಥವರ ಮನೆಯವರು ಮಾಡಬಹುದಾದ ಉಪಕಾರವೊಂದುಂಟು. ಬೆಳಗ್ಗೆ ಬಂದು ಮಲಗಿದವನ ಕೋಣೆಗೆ ದಪ್ಪ ಪರದೆಯನ್ನು ಇಳಿಬಿಟ್ಟು ಕತ್ತಲೆ ಮಾಡುವುದು. ಹಾಲಿನವನು ಬಂದ, ನೆಂಟರು ಬಂದರು, ಪೂಜೆಗೆ ಹೊತ್ತಾಯಿತು ಎಂದು ಎಬ್ಬಿಸದಿರುವುದು. ಹಗಲು ಮಲಗುವ ಸೊಸೆಯನ್ನು ಸೋಮಾರಿಯೆಂದು ಕರೆಯುವ ನಾಲಿಗೆಗಳು ಸ್ವಲ್ಪ ಬಿಡುವು ತೆಗೆದುಕೊಂಡರೆ ಎಷ್ಟೋ ಮನೆಗಳಲ್ಲಿ ಅರ್ಧ ಚಿಕಿತ್ಸೆ ಆದಂತೆಯೇ. ವಾರಕ್ಕೆ 150 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಚುರುಕಾಗಿ ನಡೆಯುವುದೋ ಅದಕ್ಕೆ ಸಮನಾದ ಶ್ರಮವೋ ಎಲ್ಲರಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ದಿನಕ್ಕೆ ಎಂಟು ಗಂಟೆಗೂ ಮೇಲೆ ಕುಳಿತಿರುವವರಿಗೆ ಅಷ್ಟು ಸಾಲದು, ದಿನವೂ ಒಂದು ಗಂಟೆಯ ನಡಿಗೆ ಬೇಕಾದೀತು.

ಕಡೆಗೆ, ಮನೆಮದ್ದಿನಲ್ಲಿಯೂ ತೈಲಾಭ್ಯಂಗದಲ್ಲಿಯೂ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕಾದ ಲಕ್ಷಣಗಳನ್ನು ಹಿರಿಯರೂ ತಿಳಿದಿರತಕ್ಕದ್ದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿಯಲ್ಲಿ ಜೋಮುಗಟ್ಟಿ ನಿದ್ರೆ ಕೆಡಿಸುತ್ತಿದ್ದು, ಕಿರುಬೆರಳು ಮಾತ್ರ ಸರಿಯಾಗಿದ್ದರೆ, ಮಣಿಕಟ್ಟಿನ ಸುರಂಗದಲ್ಲಿ ನರವು ಅದುಮಿದೆಯೆಂದು ಶಂಕಿಸಬೇಕು; ತಡಮಾಡಿದರೆ ಹೆಬ್ಬೆರಳ ಬುಡದ ಮಾಂಸವು ಬತ್ತುವುದು. ಕುತ್ತಿಗೆಯ ನೋವು ತೋಳಿಗಿಳಿದು ಕೈಯಲ್ಲಿ ಬಲ ಕುಂದಿದರೆ, ಸೊಂಟದ ನೋವಿನೊಡನೆ ಕಾಲು ಸೋತರೆ, ಒಂದೇ ಮೀನಖಂಡವು ಬಾತು ಬಿಸಿಯಾದರೆ ಅಂದೇ ಹೊರಡಬೇಕು. ಎದೆ ಹಿಂಡಿದಂತಾದರೂ, ಮಲಮೂತ್ರಗಳ ಸ್ವಾಧೀನ ತಪ್ಪಿದರೂ, ಒಂದು ಕಣ್ಣಿನ ದೃಷ್ಟಿಯು ಥಟ್ಟನೆ ಮಸುಳಿದರೂ ಸೂರ್ಯೋದಯದವರೆಗೂ ಕಾಯಲಾಗದು. ಮಗನೋ ಮಗಳೋ ದೂರದ ಊರಿನಲ್ಲಿ ಒಂಟಿಯಾಗಿದ್ದರೆ ಹತ್ತಿರದ ಆಸ್ಪತ್ರೆ ಯಾವುದೆಂಬುದನ್ನು ಮುಂಚಿತವಾಗಿಯೇ ಕೇಳಿ ಬರೆದಿಟ್ಟುಕೊಳ್ಳಲಿ.